ಹರಕು ಸೀರೆ, ಒಡಕು ಹೆಂಚು

ಚೇಕುಟ್ಟಿ ಗೊಂಬೆಯ ಲೆಕ್ಕ ನಿಮಗೆ ಗೊತ್ತಿರಬೇಕಲ್ವಾ? 2018ರ ಆಗಸ್ಟ್ ನೆರೆಯಲ್ಲಿ ಕೊಚ್ಚಿ ಹತ್ತಿರದ ಚೇಂದಮಂಗಲಂ ನೇಕಾರರು ಓಣಂಗೆ ಅಂತ ನೇಯ್ದಿಟ್ಟಿದ್ದ ಸೀರೆಗಳೆಲ್ಲ ಕೆಸರು ಮೆತ್ತಿಕೊಂಡು ಕೂತವು. ಬೀದಿಗೆಸೆಯಬೇಕು, ಇಲ್ಲ ಸುಡಬೇಕು ಅನ್ನೋ ಹೊತ್ತಿಗೆ ಲಕ್ಷ್ಮಿ ಮೆನನ್, ಗೋಪಿನಾಥ್ ಪಾರಯಿಲ್ ಅನ್ನೋ ಇಬ್ಬರು ಅವನ್ನೆಲ್ಲ ಕ್ಲೋರಿನ್ ಹಾಕಿ ಒಗೆಸಿ, ಕುದಿಸಿ, ತುಂಡು ಮಾಡಿಸಿ, ಪುಟಾಣಿ ಗೊಂಬೆ ಕಟ್ಟಿಸಿದರು. 1,300 ರೂಪಾಯಿಯ ಸೀರೆಯಲ್ಲಿ 360 ಗೊಂಬೆ, ಒಂದಕ್ಕೆ 25 ರೂಪಾಯಿ. ಗುಣಿಸಿ ನೋಡಿ, 9,000! ಹೊಸದಕ್ಕಿಂತ ಹಾಳಾದದ್ದಕ್ಕೇ ಬೆಲೆ ಜಾಸ್ತಿ. ಈ ಲೆಕ್ಕ ಕಿವಿಗೆ ಬಿದ್ದಾಗಿನಿಂದ ನಮ್ಮ ಮನೆಯಾಕೆ ಬೀರುವಿನ ಒಂದು ಹಳೇ ಸೀರೆಯನ್ನೂ ಪಾತ್ರೆಯವಳಿಗೆ ಕೊಡುತ್ತಿಲ್ಲ.

ನಮ್ಮಜ್ಜಿ ಇದ್ದಿದ್ದರೆ "ಅಯ್ಯ, ಇದೇನು ಮಹಾ" ಅಂದಿರೋಳು. ಆಕೆಯ ಕೌದಿಯಲ್ಲಿ ತಾತನ ಪಂಚೆ, ಸೋದರತ್ತೆಯ ಮದುವೆ ಸೀರೆ, ನನ್ನ ಹರಕು ಚಡ್ಡಿ ಎಲ್ಲಾ ಅಕ್ಕಪಕ್ಕ ಮಲಗಿರುತ್ತಿದ್ದವು. ಬದುಕಿದ್ದಾಗ ಮಾತೇ ಆಡದವರ ಬಟ್ಟೆಯೂ ಅಲ್ಲಿ ಒಂದಾಗಿತ್ತು ನೋಡಿ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿಯೋ ಕೌದಿಗಳು ಈಗ ಅಮೆರಿಕದ ಮ್ಯೂಸಿಯಂ ಗೋಡೆಯನ್ನೂ ಏರಿವೆ. ಅವರು ನಾಲ್ಕೂ ಮೂಲೆಗೆ ಹೂವಿನಂತೆ ಬಟ್ಟೆ ಮಡಚಿ ಹೊಲಿಯುತ್ತಾರೆ. ಆ ಹೂವಿಲ್ಲದಿದ್ದರೆ ಕೌದಿ ಬತ್ತಲೆ ಅಂತ ಲೆಕ್ಕ. ಹೊದೆಯೋ ಹೊದಿಕೆಗೇ ಮಾನ ಮುಚ್ಚಬೇಕು, ಹೇಗಿದೆ!

ಎಲ್ಲಿಂದ ಎಲ್ಲಿಗೋ ಹೋದೆ. ಕೊಚ್ಚಿ ಅಂತಿದ್ದೆ ಅಲ್ವಾ? ಅಲ್ಲಿನ ಕಲಾಮೇಳ, ಅದೇ ಬಿನಾಲೆ, 2012ರ ಡಿಸೆಂಬರ್ 12ಕ್ಕೆ ಶುರುವಾದಾಗಲೇ ಕಲಾವಿದ ವಿವಾನ್ ಸುಂದರಂ ಮಡಕೆ ಚೂರುಗಳ ನಗರವನ್ನೇ ಹರಡಿದ್ದರು. ಪಟ್ಟಣಂ ಊರಲ್ಲಿ ಅಗೆದಾಗ ಸಿಕ್ಕ ಚೂರುಗಳು ಅವು, ಹಳೇ ಮುಜಿರಿಸ್ ಬಂದರಿನ ಕಾಲದವು. ಎರಡು ಸಾವಿರ ವರ್ಷದ ಹಿಂದೆ ಯಾವ ಹೆಂಗಸು ಕೈಜಾರಿ ಒಡೆದುಕೊಂಡಳೋ, ಅತ್ತೆ ಹತ್ತಿರ ಬೈಸಿಕೊಂಡಳೋ! ಆಮೇಲೆ 2018ರ ಬಿನಾಲೆಯಲ್ಲಿ ಬಾಂಗ್ಲಾದೇಶದ ಮಾರ್ಜಿಯಾ ಫರ್ಹಾನಾ ನೆರೆಯಲ್ಲಿ ಕೆಟ್ಟ ಫ್ರಿಜ್ಜು, ಪುಸ್ತಕ, ಮೇಜುಗಳನ್ನೆಲ್ಲ ತಂದು ಗಾಳಿಯಲ್ಲಿ ನೇತುಹಾಕಿಬಿಟ್ಟರು. ನೋಡುವವರಿಗೆ ಅದು ಕಲಾಕೃತಿ. ಕಳಕೊಂಡವರು ಬಂದು ನೋಡಿದ್ದರೆ "ಓ, ನಮ್ಮ ಫ್ರಿಜ್ಜು" ಅಂತಿದ್ದರೇನೋ.

ಆದರೆ ಕಸಕ್ಕೆ ಬಿನಾಲೆಯ ಟೈಮ್‌ಟೇಬಲ್ ಗೊತ್ತಿರಲ್ಲ. 2023ರ ಮಾರ್ಚ್ 2ಕ್ಕೆ, ಇತ್ತ ಬಿನಾಲೆ ನಡೀತಿರುವಾಗಲೇ, ಅತ್ತ ಬ್ರಹ್ಮಪುರಂ ಕಸದ ಗುಡ್ಡಕ್ಕೆ ಬೆಂಕಿ. ಕೊಚ್ಚಿಯೆಲ್ಲ ಹತ್ತು ದಿನದ ಮೇಲೂ ಹೊಗೆ. ಹಸಿರು ನ್ಯಾಯಮಂಡಳಿ ಕಾರ್ಪೊರೇಷನ್ನಿಗೆ 100 ಕೋಟಿ ದಂಡ ಹಾಕಿತು. ಪ್ರದರ್ಶನಕ್ಕೆ ಏರೋ ಕಸ ಹಿಡಿಯಷ್ಟು, ಉಳಿದದ್ದೆಲ್ಲ ಆ ಗುಡ್ಡಕ್ಕೇ. ಅದಕ್ಕೇ ನನಗೆ ಕಸದಲ್ಲಿ ಕಲೆ ಮಾಡುವವರಿಗಿಂತ ಕಸವನ್ನೇ ಮಾಡದ ಜಿಪುಣರ ಮೇಲೆ ಒಂದು ಕೈ ಹೆಚ್ಚು ಗೌರವ.

ಅಂಥ ಜಿಪುಣರ ಚಕ್ರವರ್ತಿ ತಿರುವನಂತಪುರದಲ್ಲಿದ್ದರಲ್ಲ, ವಾಸ್ತುಶಿಲ್ಪಿ ಲಾರಿ ಬೇಕರ್. ಹುಟ್ಟಿದ್ದು ಬರ್ಮಿಂಗ್‌ಹ್ಯಾಮ್, 1917ರಲ್ಲಿ. ಮನೆ ಕಟ್ಟೋದಾದರೆ ಐದು ಮೈಲಿಯೊಳಗೆ ಸಿಗೋ ಸಾಮಾನಲ್ಲೇ ಕಟ್ಟು ಅಂತ ಗಾಂಧೀಜಿ ಹೇಳಿದ ಮಾತನ್ನ ಗಂಟು ಹಾಕಿಕೊಂಡ ಮನುಷ್ಯ. ಇಟ್ಟಿಗೆಯನ್ನ ಮಗ್ಗುಲಾಗಿ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಗೋಡೆ ಎಬ್ಬಿಸಿದರೆ ಕಾಲು ಭಾಗ ಇಟ್ಟಿಗೆ ಉಳಿಯುತ್ತೆ, ಸೆಕೆಯೂ ಕಮ್ಮಿ. ತಾರಸಿಯ ಕೆಳಪದರದ ಕಾಂಕ್ರೀಟು ಹೇಗೂ ಭಾರ ಹೊರಲ್ಲ, ಆ ಜಾಗಕ್ಕೆ ಬೇಡವಾದ ಮಂಗಳೂರು ಹೆಂಚು ತುಂಬಿಸು. ಕೆಡವಿದ ಮನೆಯ ಬಾಗಿಲು, ಖಾಲಿ ಬಾಟಲಿ, ಯಾವುದೂ ಅವರ ಕೈಯಿಂದ ತಪ್ಪಿಸಿಕೊಳ್ಳಲಿಲ್ಲ. ಗಿಲಾವು ಕೂಡ ದುಂದು ಅಂತಿದ್ದರು. ಇಷ್ಟಾಗಿ ಆ ಗೋಡೆಗಳು ಎಷ್ಟು ಚಂದ ಅಂತೀರಿ!

ತಂಬಾನೂರು ಬಸ್‌ಸ್ಟ್ಯಾಂಡ್ ಹತ್ತಿರದ ಇಂಡಿಯನ್ ಕಾಫಿ ಹೌಸ್ ಅವರದ್ದೇ. ಒಳಗೆ ಮೆಟ್ಟಿಲ ಬದಲು ಸುತ್ತಿ ಸುತ್ತಿ ಏರೋ ಇಳಿಜಾರು, ಪಕ್ಕದಲ್ಲಿ ಕಟ್ಟೇಬಿಟ್ಟ ಮೇಜು, ಬೆಂಚು. ಕುರ್ಚಿ ಎಳೆಯೋ ಗಲಾಟೆಯೇ ಇಲ್ಲ. ತಲೆಗೆ ಬೀಸಣಿಗೆಯಂಥ ಪೇಟ ಸಿಕ್ಕಿಸಿಕೊಂಡ ಮಾಣಿಗಳು ಆ ಇಳಿಜಾರಲ್ಲಿ ಟ್ರೇ ಹಿಡಿದು ಓಡಾಡೋದು ನೋಡೋದೇ ಒಂದು ಮಜಾ. ಮಸಾಲೆ ದೋಸೆ ಬಿಡಿಸಿದರೆ ಒಳಗೆ ಕೆಂಪಗೆ ಬೀಟ್‌ರೂಟು! ನಮ್ಮ ಮೈಸೂರಿನವರು ಅದನ್ನ ಕ್ಷಮಿಸ್ತಾರೋ ಇಲ್ವೋ.

ಅಂದ ಹಾಗೆ, ನಿಮ್ಮ ಹಿತ್ತಲ ನುಗ್ಗೆಮರದ ಬುಡದಲ್ಲಿ ಪೇರಿಸಿಟ್ಟಿರೋ ಹೆಂಚು ಏನ್ಮಾಡ್ತೀರಿ? ಒಡೆದಿದ್ರೂ ಪರವಾಗಿಲ್ಲ. ನಮ್ಮ ಬಚ್ಚಲಮನೆ ತಾರಸಿ ಬರೋ ತಿಂಗಳು ಹಾಕಿಸಬೇಕು ಅಂತಿದ್ದೀನಿ...