ಸೌಟು ಹಿಡಿದ ಯಜಮಾನರು

ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆಗೆ ಬರುವ ಶಿವಾಜಿನಗರದವರಿಗೆ ಮುಚ್ಚುಮರೆ ಇಲ್ಲ. ಮೇಕೆಯ ಭೇದಿ, ಬೆಕ್ಕಿನ ಹೊಟ್ಟೆಹುಳು, ಎಲ್ಲವೂ ಎಲ್ಲರೆದುರೇ ಬಯಲಾಗುತ್ತವೆ. ಅಂಚೆ ಇಲಾಖೆಯಿಂದ ನಿವೃತ್ತರಾದ ಯಜಮಾನರೊಬ್ಬರು ಮಾತ್ರ ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದರು: "ರಾತ್ರಿ ಹಾಸಿಗೇಲೇ ಆಗಿಬಿಡುತ್ತೆ ಸಾರ್."

"ಯಾರಿಗೆ, ನಿಮಗೋ ನಾಯಿಗೋ?"

ಮೇಕೆಯವನು ತಿರುಗಿ ನೋಡಿದ.

ಎಂಟು ವರ್ಷದ ಲ್ಯಾಬ್ರಡಾರ್ ರಾಣಿಯ ಮೇಲೆ ಯಜಮಾನರ ಆರೋಪ ಸಿದ್ಧವಾಗಿತ್ತು: ಮೊಮ್ಮಗ ಹುಟ್ಟಿದ ಹೊಟ್ಟೆಕಿಚ್ಚಿಗೆ ಬೇಕಂತಲೇ ಮಾಡ್ತಾಳೆ. ಡಾಕ್ಟರು ಕೇಳಿದ್ದೇ ಬೇರೆ. ಎದ್ದು ಹೋಗಿ ಕೂತು ಮಾಡ್ತಾಳಾ, ಮಲಗಿದ್ದಲ್ಲೇ ಒದ್ದೆಯಾಗುತ್ತಾ? ಸಂತಾನಹರಣ ಆಪರೇಷನ್ ಆಗಿದೆಯಾ? ತುರಿಕೆಗೆ ಸ್ಟೀರಾಯ್ಡ್ ಮಾತ್ರೆ ಕೊಡ್ತಿದ್ದೀರಾ? ನೀರು ಎಷ್ಟು ಕುಡೀತಾಳೆ?

ಕೊನೆಯ ಪ್ರಶ್ನೆಗೆ "ಬೇಕಾದಷ್ಟು" ಎಂಬ ಉತ್ತರ ಸಾಲದು. ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 100 ಮಿಲಿಲೀಟರ್ ದಾಟಿದರೆ ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆಗಳ ಅನುಮಾನ ಬರುತ್ತದೆ. ಪದೇ ಪದೇ ಕೂತು ತಿಣುಕಿದರೆ ಸೋಂಕಿರಬಹುದು. ಮರಿಯಿಂದಲೇ ಸೋರುತ್ತಿದ್ದರೆ ಮೂತ್ರನಾಳ ಹುಟ್ಟಿನಲ್ಲೇ ಜಾಗ ತಪ್ಪಿ ಸೇರಿಕೊಂಡಿರಬಹುದು. ಆಪರೇಷನ್ ಆದ ದೊಡ್ಡ ತಳಿಯ ಹೆಣ್ಣುನಾಯಿ ನಿದ್ದೆಯಲ್ಲಿ ಒದ್ದೆ ಮಾಡಿಕೊಂಡರೆ, ಈಸ್ಟ್ರೋಜನ್ ಕಡಿಮೆಯಾಗಿ ಮೂತ್ರದ್ವಾರದ ಸ್ನಾಯು ಸಡಿಲಗೊಂಡಿರುವುದೇ ಹೆಚ್ಚು. ನಾಯಿಗೆ ಗೊತ್ತೇ ಆಗುವುದಿಲ್ಲ. ಬೈದರೆ ಯಾಕೆಂದು ಅದಕ್ಕೆ ತಿಳಿಯುವುದೂ ಇಲ್ಲ. ಹಾಗಂತ ಆಪರೇಷನ್ನನ್ನೇ ದೂರುವಂತಿಲ್ಲ, ಗರ್ಭಕೋಶದಲ್ಲಿ ಕೀವು ತುಂಬಿ ಜೀವಕ್ಕೇ ಎರವಾಗುವುದನ್ನು ತಪ್ಪಿಸುವುದೂ ಅದೇ.

"ನಾಳೆ ಬೆಳಿಗ್ಗೆ ಮೊದಲ ಮೂತ್ರ ತನ್ನಿ. ಸೌಟಿನಲ್ಲಿ ಹಿಡಿಯೋದು ಸುಲಭ."

ಸುಲಭ ಎಂದವರು ರಸೆಲ್ ಮಾರ್ಕೆಟ್‌ನ ಅಕ್ಕಪಕ್ಕ ಬೆಳಗಿನ ಹೊತ್ತು ಓಡಾಡಿದವರಲ್ಲ. ಮೀನಿನ ಬುಟ್ಟಿ, ತರಕಾರಿ ಗಾಡಿ, ಆಟೋಗಳ ನಡುವೆ ಬಲಗೈಯಲ್ಲಿ ಉದ್ದ ಹಿಡಿಯ ಸ್ಟೀಲ್ ಸೌಟು, ಎಡಗೈಯಲ್ಲಿ ರಾಣಿ. ಅವಳು ಕೂತಾಗ ಇವರು ಬಗ್ಗಿದರು. ಇವರು ಬಗ್ಗಿದ್ದೇ ಅವಳು ಎದ್ದಳು. "ಏನ್ ಸಾರ್, ಸಾಂಬಾರಾ?" ಎಂದ ಹೂವಿನವನು. ಮಸೀದಿ ಓಣಿಯ ತಿರುವಿನಲ್ಲಿ ಕೊನೆಗೂ ನಾಲ್ಕು ಚಮಚದಷ್ಟು ಸಿಕ್ಕಿತು. ಆ ಸೌಟು ಮತ್ತೆ ಅಡುಗೆಮನೆಯ ಹೊಸಿಲು ದಾಟಲಿಲ್ಲ, ಮನೆಯಾಕೆ ಬಿಡಲಿಲ್ಲ.

ಸೋಂಕಿಲ್ಲ, ಸಕ್ಕರೆಯಿಲ್ಲ. ಡಾಕ್ಟರು ಫೀನೈಲ್‌ಪ್ರೊಪನೊಲಮೈನ್ ಬರೆದರು. ಹಿಂದೆ ನೆಗಡಿ ಮಾತ್ರೆಗಳಲ್ಲಿ ಇದ್ದದ್ದೂ ಅದೇ: ಮೂಗಿನ ರಕ್ತನಾಳ ಬಿಗಿಯುವ ಮದ್ದು ಮೂತ್ರದ್ವಾರವನ್ನೂ ಬಿಗಿಯುತ್ತದೆ. ಮಿದುಳಿನ ರಕ್ತಸ್ರಾವದ ಅಪಾಯ ಕಂಡು 2000ದಲ್ಲಿ ಅಮೆರಿಕದ ಔಷಧ ನಿಯಂತ್ರಕರು ಮನುಷ್ಯರಿಗೆ ಇದು ಬೇಡವೆಂದರು. ನಾಯಿಗಳಿಗೆ 2011ರಲ್ಲಿ ಅವರೇ ಒಪ್ಪಿಗೆ ಕೊಟ್ಟರು.

"ಹಾಗಾದ್ರೆ ನನ್ನ ನೆಗಡಿಗೆ ಅರ್ಧ ಮಾತ್ರೆ..."

"ಮುಟ್ಟಲೇಬೇಡಿ. ಬಿ.ಪಿ. ಏರುತ್ತೆ" ಎಂದು ಡಾಕ್ಟರು ರಾಣಿಯ ಕಾಲಿಗೆ ಪಟ್ಟಿ ಸುತ್ತಿದರು. ಅವಳ ಬಿ.ಪಿ. ಸರಿಯಾಗಿತ್ತು. ಯಜಮಾನರದ್ದನ್ನು ಯಾರೂ ನೋಡಲಿಲ್ಲ.