ರಿಸರ್ವ್ ರಾಯರ ಡೀಸೆಲ್ ಲೆಕ್ಕ

ದಟ್ಟಗಳ್ಳಿ ಮೂರನೇ ಹಂತಕ್ಕೆ ಹೊಸದಾಗಿ ಬಾಡಿಗೆಗೆ ಬಂದವರು ಒಂದು ತಪ್ಪು ಮಾಡುತ್ತಾರೆ. ಸಾರು ಕುದಿಯುವ ಹೊತ್ತಿಗೆ ಗ್ಯಾಸ್ ಮುಗಿದರೆ, ರಾಯರ ಮನೆಯಲ್ಲಿ ಸದಾ ಒಂದು ತುಂಬಿದ ಸಿಲಿಂಡರ್ ಇರುತ್ತದಂತೆ ಎಂಬ ಮಾತು ನಂಬಿ ಅವರ ಗೇಟು ತಟ್ಟುತ್ತಾರೆ. ಇರುವುದು ನಿಜ. ರಾಯರು ಅದನ್ನು ಸಂತೋಷದಿಂದ ತೋರಿಸುತ್ತಾರೆ ಕೂಡ. ತೋರಿಸಿ, "ಆದ್ರೆ ಇದು ರಿಸರ್ವು, ನೋಡಿ" ಎಂದು ಮೆಲ್ಲಗೆ ಗೇಟು ಹಾಕಿಕೊಳ್ಳುತ್ತಾರೆ. ಹಳಬರಾದ ನಾವು ಇಂಥ ಹೊತ್ತಿನಲ್ಲಿ ಸೀದಾ ಹೋಟೆಲಿಗೆ ಹೋಗಿ ಇಡ್ಲಿ ಕಟ್ಟಿಸಿಕೊಂಡು ಬರುತ್ತೇವೆ.

ರಾಯರು ಸರ್ಕಾರಿ ಇಲಾಖೆಯೊಂದರ ಸ್ಟೋರ್ಸಿನಲ್ಲಿ ಮೂವತ್ತಮೂರು ವರ್ಷ ಕೂತು ನಿವೃತ್ತರಾದವರು. ಅಲ್ಲಿ ಕಲಿತ 'ಮಿನಿಮಮ್ ಸ್ಟಾಕ್' ಎಂಬ ಬೀಜಮಂತ್ರವನ್ನು ಮನೆಗೂ ತಂದರು. ಬಿಸಿನೀರಿಗೆ ತಾರಸಿಯ ಮೇಲೆ ಸೋಲಾರ್. ಮೋಡ ಕವಿದರೆ ಗೀಸರ್. ಕರೆಂಟು ಹೋದರೆ ಹಿತ್ತಲಲ್ಲಿ ತಾಮ್ರದ ಹಂಡೆ, ಅದರ ಪಕ್ಕ ಮೂರು ಮಳೆಗಾಲ ಕಂಡ ಸೌದೆ. ನೀರಿಗೆ ಸಂಪು, ಮೇಲೊಂದು ಟ್ಯಾಂಕು, ನಡುವೆ ನೀಲಿ ಡ್ರಮ್ಮು. ಕನ್ನಡಕ ಎರಡು ಜೊತೆ, ಕೊಡೆ ಎರಡು, ಕಿಸೆಯಲ್ಲಿ ಫೋನು ಎರಡು. ಬೆಳಗಿನ ಪತ್ರಿಕೆಯಲ್ಲಿ ಮೊದಲು ನೋಡುವುದು ಕನ್ನಂಬಾಡಿಯ ನೀರಿನ ಮಟ್ಟ. 124.80 ಅಡಿ ತುಂಬಿದೆ ಎಂದು ಊರೆಲ್ಲ ಸಿಹಿ ಹಂಚಿದ ದಿನವೂ ರಾಯರ ಚಿಂತೆ ಡೆಡ್ ಸ್ಟೋರೇಜಿನದೇ.

ಅವರ ವೇದಾಂತಕ್ಕೆ ಮೂಲಗ್ರಂಥ ಬಜಾಜ್ ಚೇತಕ್. ಆ ಸ್ಕೂಟರ್ ಓಡಿಸಿದವರಿಗೆ ನೆನಪಿರಬೇಕು: ಸೀಟಿನ ಕೆಳಗೊಂದು ಪೆಟ್ರೋಲ್ ಕಾಕು, ಸಾಮಾನ್ಯಕ್ಕೊಂದು ದಿಕ್ಕು, ರಿಸರ್ವಿಗೆ ಇನ್ನೊಂದು ದಿಕ್ಕು. ಗಾಡಿ ಕೆಮ್ಮಿದಾಗ ಕಾಕು ತಿರುಗಿಸಿ ನಾವೆಲ್ಲ ಬಂಕು ಹುಡುಕುತ್ತಿದ್ದೆವು. ಅದೂ ಮುಗಿದರೆ ಸ್ಕೂಟರನ್ನು ಪಕ್ಕಕ್ಕೆ ವಾಲಿಸಿ, ತಳದ ಎರಡು ಗುಟುಕು ಇಂಜಿನ್ನಿಗೆ ಕುಡಿಸಿ, ಮನೆ ಸೇರುತ್ತಿದ್ದೆವು. ರಾಯರ ಚೇತಕ್ಕಿನ ಕಾಕು ಇಪ್ಪತ್ತು ವರ್ಷ ಒಮ್ಮೆಯೂ ಆ ಕಡೆ ತಿರುಗಲಿಲ್ಲ. ಕೊನೆಗೆ ಸ್ಕೂಟರನ್ನು ಕೊಂಡುಕೊಂಡ ಹುಡುಗ ಮೊದಲ ವಾರವೇ ತಿರುಗಿಸಲು ಹೋದ. ಅದು ತುಕ್ಕು ಹಿಡಿದು ಅಲ್ಲೇ ಕೂತಿತ್ತು.

ಇಂಥವರ ಅಳಿಯ ಅಮೆರಿಕದ ಸಿಯಾಟಲ್‌ನಲ್ಲಿ ಹಾಯಿದೋಣಿ ಕೊಂಡುಕೊಂಡ.

ದಟ್ಟಗಳ್ಳಿಯಿಂದ ಮಂಗಳೂರಿನ ಸಮುದ್ರಕ್ಕೆ ಸುಮಾರು 250 ಕಿಲೋಮೀಟರು. ಹತ್ತಿರದಲ್ಲಿ ನಮಗಿರುವ ಸಮುದ್ರ ಹೆಸರಿನಲ್ಲಿ ಮಾತ್ರ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ ಕೆರೆಗೆ ಲಿಂಗಾಂಬುಧಿ ಎಂದು ಹೆಸರಿಟ್ಟರು. ಆ ಅಂಬುಧಿಯ ದಂಡೆಯ ಮೇಲೆ ನಾನೂ ರಾಯರೂ ಬೆಳಿಗ್ಗೆ ನಡೆಯುತ್ತೇವೆ. ನಮ್ಮ ಏಳು ಗಂಟೆ ಎಂದರೆ ಬೇಸಿಗೆಯಲ್ಲಿ ಅಲ್ಲಿ ಹಿಂದಿನ ದಿನದ ಸಂಜೆ ಆರೂವರೆ. ಅಳಿಯ ಆಫೀಸು ಮುಗಿಸಿರುತ್ತಾನೆ. ರಾಯರು ಬೆಂಚಿನ ಮೇಲೆ ಕೂತು ಸ್ಪೀಕರ್ ಹಾಕುತ್ತಾರೆ. ನೀರುಕಾಗೆಗಳ ಸಮೇತ ಎಲ್ಲರಿಗೂ ಕೇಳಿಸುತ್ತದೆ.

"ಡೀಸೆಲ್ ಎಷ್ಟು ಹಿಡಿಯತ್ತೆ ಅಳಿಯಂದ್ರೆ?"

"ಮಾವ, ಇದು ಹಾಯಿದೋಣಿ. ಗಾಳಿಯಲ್ಲಿ ಹೋಗತ್ತೆ."

"ಅದು ಸರಿ. ಗಾಳಿ ನಿಂತ್ರೆ?"

"ಬರೋವರೆಗೂ ಕಾಯೋದು."

ರಾಯರು ನನ್ನ ಮುಖ ನೋಡಿದರು. ಮಗಳನ್ನು ಎಂಥ ಮನೆಗೆ ಕೊಟ್ಟೆವಪ್ಪಾ ಎಂಬ ನೋಟ ಅದು.

ಅಳಿಯ ಒಳ್ಳೆಯವನು, ಬಿಡಿಸಿ ಹೇಳಿದ. ಮೂವತ್ತು ಅಡಿಯ ಸೆಕೆಂಡ್ ಹ್ಯಾಂಡ್ ದೋಣಿ, ಒಳಗೆ ಸಣ್ಣದೊಂದು ಡೀಸೆಲ್ ಇಂಜಿನ್. ಬಂದರಿನಿಂದ ಹೊರಗೆ ಬರಲು, ಮತ್ತೆ ಒಳಗೆ ಹೋಗಿ ಕಟ್ಟಲು, ಬ್ಯಾಟರಿ ಚಾರ್ಜ್ ಮಾಡಲು, ಗಾಳಿ ಪೂರ್ತಿ ಬಿದ್ದಾಗ ಮನೆ ಸೇರಲು. ಗಂಟೆಗೆ ಎರಡು ಲೀಟರ್ ಕುಡಿಯುತ್ತದೆ, ಐದು ನಾಟ್ ವೇಗ ಕೊಡುತ್ತದೆ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್, ಅಂದರೆ ಒಟ್ಟು ಒಂಬತ್ತು ಚಿಲ್ಲರೆ. ಲಿಂಗಾಂಬುಧಿಯ ಸುತ್ತ ಓಡುವ ಹುಡುಗರು ಅದಕ್ಕಿಂತ ಜೋರು. ಟ್ಯಾಂಕು ಇಪ್ಪತ್ತು ಗ್ಯಾಲನ್.

"ಇಪ್ಪತ್ತು ಗ್ಯಾಲನ್ನಾ! 91 ಲೀಟರ್!" ರಾಯರ ಮುಖ ಅರಳಿತು. ಸ್ಟೋರ್ಸಿನಲ್ಲಿ ಕಲಿತ ಗ್ಯಾಲನ್ನಿಗೆ 4.546 ಲೀಟರ್. ಅಮೆರಿಕದ ಗ್ಯಾಲನ್ ಚಿಕ್ಕದು, 3.785 ಎಂದು ಅಳಿಯ ತಿದ್ದಿದ. ರಾಯರು ಮನಸ್ಸಿನಲ್ಲೇ ಗುಣಿಸಿ 75.7ಕ್ಕೆ ಇಳಿದರು. ಹದಿನೈದು ಲೀಟರ್ ಡೀಸೆಲ್ಲು ಕಣ್ಣೆದುರೇ ಆವಿಯಾಯಿತು. ಆ ದಿನ ಅವರು ಕೆರೆಗೆ ಎರಡನೇ ಸುತ್ತು ಹಾಕಲಿಲ್ಲ.

ನಾನು ಸಮಾಧಾನ ಹೇಳಿದೆ. "ಕಡಿಮೆ ಏನಲ್ಲ ರಾಯರೇ. ಮೂವತ್ತೇಳು ಗಂಟೆ ಓಡತ್ತೆ. ಹೆಚ್ಚುಕಡಿಮೆ 350 ಕಿಲೋಮೀಟರು. ಬೆಂಗಳೂರಿಗೆ ಹೋಗಿ ಬಂದು, ಮೇಲೆ ಶ್ರೀರಂಗಪಟ್ಟಣದ ರಂಗನಾಥನ್ನೂ ನೋಡ್ಕೊಂಡು ಬರಬಹುದು."

"ಬೆಂಗಳೂರು ದಾರೀಲಿ ಮದ್ದೂರು ಇದೆ ಸ್ವಾಮಿ, ಇಳಿದು ವಡೆ ತಿನ್ನಬಹುದು. ಸಮುದ್ರದಲ್ಲಿ ಏನಿದೆ?"

ಆಗಸ್ಟಿನಲ್ಲಿ ಮಗಳು ಅಳಿಯ ಸ್ಯಾನ್ ವಾನ್ ದ್ವೀಪಗಳಿಗೆ ಹೊರಟರು. ದೋಣಿಯವರಲ್ಲಿ ಹಳೆಯದೊಂದು ನಿಯಮವಿದೆಯಂತೆ: ಇಂಧನದ ಮೂರರಲ್ಲೊಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಮುಟ್ಟಬಾರದ್ದು. ಇದನ್ನು ಅಳಿಯ ಬಾಯಿತಪ್ಪಿ ಹೇಳಿಬಿಟ್ಟ. ತಾವು ಇಷ್ಟು ವರ್ಷ ಒಬ್ಬರೇ ಕೂಗಿದ್ದು ಸಾಗರದಾಚೆಗೂ ಶಾಸ್ತ್ರವಾಗಿದೆ ಎಂದು ತಿಳಿದಾಗ ರಾಯರಿಗೆ ಕಣ್ಣು ತುಂಬಿ ಬಂತು. ತಕ್ಷಣ ಲೆಕ್ಕಕ್ಕೆ ಕೂತರು. ದಾರಿ ಸುಮಾರು 65 ನಾಟಿಕಲ್ ಮೈಲಿ. ಗಾಳಿಯೇ ಇಲ್ಲವೆಂದು ಹಿಡಿದರೆ ಹದಿಮೂರು ಗಂಟೆ, 26 ಲೀಟರ್. ಬರಲು 26. ಮುಟ್ಟಬಾರದ್ದು 26. ಒಟ್ಟು 78. ಟ್ಯಾಂಕಿನಲ್ಲಿ 75.7.

"ಎರಡೂಕಾಲು ಲೀಟರ್ ಶಾರ್ಟು!"

ಆ ರಾತ್ರಿ ಅವರು ನಿದ್ದೆ ಮಾಡಲಿಲ್ಲವೆಂದು ಅವರ ಹೆಂಡತಿ ನಮ್ಮ ಮನೆಯವರ ಹತ್ತಿರ ಹೇಳಿಕೊಂಡರು. ಬೆಳಿಗ್ಗೆ ಅಳಿಯನಿಗೆ ಆಜ್ಞೆ ಹೋಯಿತು: ಇಪ್ಪತ್ತು ಲೀಟರಿನ ಆರು ಕ್ಯಾನು ತುಂಬಿಸಿ ದೋಣಿಯ ಕಟಕಟೆಗೆ ಕಟ್ಟಿ. ಒಂದು ಕ್ಯಾನು ಹದಿನೇಳು ಕೆಜಿ, ಆರಕ್ಕೆ ನೂರು ಕೆಜಿ ಮೇಲಾಯಿತು, ಅಷ್ಟು ಭಾರ ಮೇಲುಗಡೆ ಕಟ್ಟಿದರೆ ಸಣ್ಣ ದೋಣಿ ಕುಡುಕನ ಹಾಗೆ ತೂಗಾಡುತ್ತದೆ ಎಂದು ಅಳಿಯ ಹೇಳಿ ನೋಡಿದ. ದಾರಿಯಲ್ಲಿ ಸಿಗುವ ಬಂದರುಗಳಲ್ಲಿ ಡೀಸೆಲ್ ಬಂಕೇ ಇದೆ ಎಂದ. "ಅವತ್ತೇ ಬಂಕ್ ಮುಚ್ಚಿದ್ರೆ?" ಎಂದರು ರಾಯರು. ಈ ಪ್ರಶ್ನೆಗೆ ಯಾವ ದೇಶದಲ್ಲೂ ಉತ್ತರವಿಲ್ಲ.

ಒಂದು ಮಾತು ಒಪ್ಪಬೇಕು. ಆ ಕಡಲತೋಳಿನಲ್ಲಿ ಬೇಸಿಗೆಯ ಗಾಳಿ ಸೋಮಾರಿ. ಹದಿಮೂರು ಗಂಟೆಯಲ್ಲಿ ಹತ್ತು ಗಂಟೆ ಇಂಜಿನ್ನಿನಲ್ಲೇ ಹೋದೆವು ಎಂದು ಮಗಳು ಫೋನ್ ಮಾಡಿದಳು. ರಾಯರು ಆ ವಾರ ನೇತಾಜಿ ಸರ್ಕಲ್ಲಿನ ತರಕಾರಿ ಗಾಡಿಯವನಿಗೂ ಈ ಸುದ್ದಿ ಮುಟ್ಟಿಸಿದರು. ಹಿಂದೆ ವರ್ಗವಾಗಿ ಮಂಗಳೂರಿನಲ್ಲಿದ್ದಾಗ ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳನ್ನು ಕಂಡದ್ದೂ ನೆನಪಾಯಿತು. "ಮೊದಲು ಬರೀ ಹಾಯಿ. ಆಮೇಲೆ ಇಂಜಿನ್ ಕೂರಿಸಿದ್ರು, ಹಾಯಿ ರಿಸರ್ವ್ ಆಯ್ತು" ಎಂದು ನಮ್ಮ ಕರಾವಳಿಯ ಒಂದು ಶತಮಾನವನ್ನು ಒಂದೇ ವಾಕ್ಯದಲ್ಲಿ ಮುಗಿಸಿದರು. ತಪ್ಪೇನೂ ಇಲ್ಲ ಅದರಲ್ಲಿ.

ಅವರನ್ನು ಸ್ವಲ್ಪ ಇಳಿಸಬೇಕೆಂದು ನಾನು ಅಭಿಲಾಷ್ ಟಾಮಿಯ ಕಥೆ ತೆಗೆದೆ. ನಮ್ಮ ನೌಕಾಪಡೆಯ ಈತ 2012ರ ನವೆಂಬರಿನಲ್ಲಿ 'ಮ್ಹಾದೆಯಿ' ಹಾಯಿದೋಣಿಯಲ್ಲಿ ಮುಂಬಯಿ ಬಿಟ್ಟು, ಒಬ್ಬನೇ, ಎಲ್ಲೂ ನಿಲ್ಲದೆ ಭೂಮಿ ಸುತ್ತಿ, 2013ರ ಮಾರ್ಚ್ ಕೊನೆಗೆ ಮುಂಬಯಿಗೇ ಬಂದ. ಐದು ತಿಂಗಳು ಬಂಕಿನ ಮುಖ ನೋಡದೆ. ಭೂಮಿ ಸುತ್ತುವಷ್ಟು ಡೀಸೆಲ್ ಹೊತ್ತರೆ ದೋಣಿ ಟ್ಯಾಂಕರ್ ಆಗಬೇಕು. ರಾಯರು ಇದನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಅವರಿಗೆ ಹಿಡಿಸಿದ್ದು ಟಾಮಿ ಎರಡನೆಯವನಾಗಿ ಬಂದ 2022ರ ಗೋಲ್ಡನ್ ಗ್ಲೋಬ್ ಪಂದ್ಯದ ಉಪಕಥೆ. ದೋಣಿ ಮುಳುಗಿದ ಇನ್ನೊಬ್ಬ ಸ್ಪರ್ಧಿಯನ್ನು ನಡುಸಮುದ್ರದಲ್ಲಿ ಹುಡುಕಿ ಉಳಿಸಿದ್ದಕ್ಕೆ, ಮುಂದೆ ಆ ಪಂದ್ಯ ಗೆದ್ದ ಕರ್ಸ್ಟನ್ ನ್ಯೂಷೇಫರ್ ಎಂಬ ಹೆಣ್ಣುಮಗಳಿಗೆ 35 ಗಂಟೆ ಸಮಯವನ್ನೂ 30 ಲೀಟರ್ ಇಂಧನವನ್ನೂ ಲೆಕ್ಕದಲ್ಲಿ ಮರಳಿಸಿದರು. "ನೋಡಿ, ಅದು ಸಂಸ್ಥೆ ಅಂದ್ರೆ! ಖರ್ಚಾದ ಡೀಸೆಲ್ಲಿಗೆ ವೋಚರ್ ಪಾಸ್ ಮಾಡಿದ್ದಾರೆ!" ಜೀವ ಉಳಿದ ಮನುಷ್ಯನ ಬಗ್ಗೆ ಅವರು ವಿಚಾರಿಸಲಿಲ್ಲ.

ನನ್ನ ಕೊನೆಯ ಬಾಣ ಕೌಂಡಿನ್ಯ. 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದ ನೆಲೆಯಲ್ಲೇ ನೌಕಾಪಡೆ ಸೇರಿದ ಹಡಗು. ಅಜಂತಾದ ಚಿತ್ರ ನೋಡಿ ಕಟ್ಟಿದ್ದು, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದದ್ದು. ಇಂಜಿನ್ನೇ ಇಲ್ಲ. ಅದೇ ಡಿಸೆಂಬರಿನ ಕೊನೆಗೆ ಪೋರಬಂದರು ಬಿಟ್ಟು ಜನವರಿ ನಡುವಿನಲ್ಲಿ ಮಸ್ಕತ್ ಮುಟ್ಟಿತು. "ಒಂದು ತೊಟ್ಟು ಡೀಸೆಲ್ ಇಲ್ಲದೆ ರಾಯರೇ. ಹಾಯಿ ಮೇಲೆ ನಮ್ಮ ಮೈಸೂರಿನ ಗಂಡಭೇರುಂಡ ಬೇರೆ."

ರಾಯರು ಫೋನಿನಲ್ಲಿ ಆ ಚಿತ್ರವನ್ನು ಬಹಳ ಹೊತ್ತು ದಿಟ್ಟಿಸಿದರು.

"ಹಕ್ಕಿಗೆ ಎರಡನೇ ತಲೆ ಯಾಕೆ ಅಂದ್ಕೊಂಡಿದೀರಿ?" ಎಂದರು.

ಇಟ್ಟ ಡೀಸೆಲ್ಲು ಇಟ್ಟಲ್ಲೇ ಕೆಡುತ್ತದೆ ಎಂಬುದನ್ನು ಮಾತ್ರ ಅವರು ಕೊನೆಯವರೆಗೂ ಒಪ್ಪಲಿಲ್ಲ. ಅರ್ಧ ಖಾಲಿ ಟ್ಯಾಂಕಿನ ಗೋಡೆಗೆ ತೇವ ಕೂತು ನೀರು ತಳ ಸೇರುತ್ತದೆ, ನೀರೂ ಡೀಸೆಲ್ಲೂ ಸೇರುವ ಕಡೆ ಸೂಕ್ಷ್ಮಜೀವಿಗಳು ಸಂಸಾರ ಹೂಡುತ್ತವೆ, ಕೆಸರಾಗುತ್ತದೆ. ಸಮುದ್ರ ಶಾಂತವಾಗಿದ್ದಾಗ ಕೆಸರೂ ಶಾಂತ. ಅಲೆ ಎದ್ದು ದೋಣಿ ಕುಲುಕಿದಾಗ ಅದು ಮೇಲೆದ್ದು ಫಿಲ್ಟರ್ ಕಟ್ಟಿ, ಬೇಕೇಬೇಕಾದ ಗಳಿಗೆಯಲ್ಲಿ ಇಂಜಿನ್ ನಿಲ್ಲುತ್ತದೆ. ಆದ್ದರಿಂದ ಬಳಸುತ್ತಿರಬೇಕು, ಹೊಸದು ತುಂಬುತ್ತಿರಬೇಕು ಎಂದ ಅಳಿಯ. "ಬಳಸಿದ್ರೆ ಅದು ರಿಸರ್ವ್ ಹೇಗಾಗತ್ತೆ?" ಎಂದರು ಮಾವ.

ಏಪ್ರಿಲ್ಲಿನ ಒಂದು ಸಂಜೆ ಗುಡುಗುಮಳೆ ಬಂದು ಇಡೀ ಬಡಾವಣೆಗೆ ಕರೆಂಟು ಹೋಯಿತು. ನಾನು ಕೊಡೆ ತರಲು ರಾಯರ ಮನೆಗೆ ಹೋಗಿದ್ದೆ (ಕೊಡಲಿಲ್ಲ). ಯುಪಿಎಸ್ ಎರಡು ನಿಮಿಷ ಕೂಗಿ ಸುಮ್ಮನಾಯಿತು. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿರಲಿಲ್ಲ, ಡಿಸ್ಟಿಲ್ಡ್ ವಾಟರಿನ ಕ್ಯಾನು ಮಾತ್ರ ಎರಡಿದ್ದವು. ಎಮರ್ಜೆನ್ಸಿ ಲ್ಯಾಂಪು ಹತ್ತಲಿಲ್ಲ. ಟಾರ್ಚಿನೊಳಗೆ ಸೆಲ್ಲು ಸೋರಿ ಹಸಿರು ಉಪ್ಪಾಗಿತ್ತು. ಮೇಣದಬತ್ತಿಯ ಕಟ್ಟು ಬೇಸಿಗೆಗೆ ಕರಗಿ ಒಂದೇ ಗಟ್ಟಿಯಾಗಿತ್ತು. ರೇಷನ್ ಕಾಲದ ಸೀಮೆಎಣ್ಣೆ ಡಬ್ಬ ಸಿಕ್ಕಿತು, ಬುಡ್ಡಿದೀಪ ಸಿಗಲಿಲ್ಲ. ಅವರ ಹೆಂಡತಿ ಏನೂ ಮಾತಾಡದೆ ದೇವರ ಮನೆಯ ದೀಪಕ್ಕೆ ಇನ್ನೊಂದು ಚಮಚ ಎಣ್ಣೆ ಹಾಕಿ ನಡುಮನೆಗೆ ತಂದಿಟ್ಟರು. "ಇದೊಂದೇ ರೀ ದಿನಾ ಹಚ್ಚೋದು" ಎಂದರು. ರಾಯರಿಗೆ ಕೇಳಿಸಿತೋ ಇಲ್ಲವೋ. ಅವರು ಟಾರ್ಚಿನ ರಿಸರ್ವ್ ಟಾರ್ಚು ಹುಡುಕುತ್ತಿದ್ದರು.

ಮೇ ತಿಂಗಳಲ್ಲಿ ಮಗಳ ಮನೆಗೆ ಪ್ರಯಾಣ. ಸೂಟ್‌ಕೇಸಿಗೆ ಚಟ್ನಿಪುಡಿ, ಹುಳಿಪುಡಿ, ಮೈಸೂರು ಪಾಕಿನ ನಡುವೆ ರಾಯರು ಒಂದು ಆಲಿಕೆಯನ್ನೂ ಡೀಸೆಲ್ ಸೋಸಲು ಹಿತ್ತಾಳೆಯ ಜಾಲರಿಯನ್ನೂ ಸೇರಿಸಿದರು. ಬೆಳಗಿನ ಜಾವ ಬೀಳ್ಕೊಡಲು ಹೋದರೆ ಗೇಟಿನ ಮುಂದೆ ಎರಡು ಕಾರು. ಸಾಮಾನು ಬಹಳವೇ ಎಂದು ಕೇಳಿದೆ.

"ಇಲ್ಲ, ಎಲ್ಲಾ ಮುಂದಿನದ್ರಲ್ಲೇ ಹಿಡೀತು. ದಾರೀಲಿ ಅದು ಕೈಕೊಟ್ರೆ? ಫ್ಲೈಟು ಕಾಯತ್ತಾ?"

ಮುಂದಿನ ಕಾರು ಅವರನ್ನು ಹೊತ್ತು ಹೊರಟಿತು. ಖಾಲಿ ಕಾರು ಹಿಂದೆ ಹೊರಟಿತು.

ಎಂಟು ಗಂಟೆಗೆ ನಾನು ಲಿಂಗಾಂಬುಧಿಯ ಬೆಂಚಿನ ಮೇಲೆ ಒಬ್ಬನೇ ಕೂತಿದ್ದಾಗ ಫೋನು ಬಂತು. ಮೊದಲ ನಂಬರಿನದಲ್ಲ, ಎರಡನೆಯದರಿಂದ. ಎಲ್ಲಿದೀರಿ ರಾಯರೇ ಎಂದೆ.

"ಚನ್ನಪಟ್ಟಣದ ಹತ್ರ ನಿಂತಿದೀವಿ. ಮುಕ್ಕಾಲು ಗಂಟೆ ಆಯ್ತು."

"ಅಯ್ಯೋ, ಕಾರು ಕೆಟ್ಟಿತಾ?"

"ನಮ್ಮದು ಚೆನ್ನಾಗೇ ಇದೆ. ಹಿಂದಿನದು ಪಂಕ್ಚರು. ಅದನ್ನ ಬಿಟ್ಟು ಹೋಗೋಕಾಗತ್ತಾ?"