ಕಲ್ಚರಲ್ ಸರ್‌ಗೆ ಬೀಟ್ ಬೇಕು

ರಾಜ್ಯೋತ್ಸವದ ಬಾವುಟಗಳು ಸ್ಟೋರ್ ರೂಮು ಸೇರುತ್ತಿದ್ದಂತೆ ಶಾಲೆಯಲ್ಲಿ ಒಬ್ಬರ ನಡಿಗೆಯೇ ಬದಲಾಗುತ್ತದೆ. ಅಲ್ಲಿಯವರೆಗೆ ಬಿಸಿಲಲ್ಲಿ ನಿಂತು ಮಕ್ಕಳಿಗೆ 'ಸಾವ್‌ಧಾನ್' ಹೇಳಿಕೊಂಡಿದ್ದ ಪಿ.ಟಿ. ಮೇಷ್ಟ್ರು ಈಗ ಸ್ಕೂಲ್ ಡೇಗೆ ಕಲ್ಚರಲ್ ಇನ್‌ಚಾರ್ಜ್. ಕೊರಳಲ್ಲಿ ಸೀಟಿ ಇದ್ದ ಜಾಗಕ್ಕೆ ಪೆನ್ ಡ್ರೈವ್ ಬಂದಿರುತ್ತದೆ. ಕೋಲಾಟ, ಕಂಸಾಳೆ, ಭರತನಾಟ್ಯಗಳನ್ನು ಯಾವ ಮಿಸ್ಸಿಗೆ ವಹಿಸಿದರೂ ನಡೆದೀತು. 'ವೆಸ್ಟರ್ನ್' ಮಾತ್ರ ಇವರದೇ. ಹಿಂದೆ ಎಂದೋ ಶಾಲೆಯ ಟೇಪ್ ರೆಕಾರ್ಡರ್ ಇವರ ಕಪಾಟಿನಲ್ಲಿ ಇತ್ತಂತೆ, ಅರ್ಹತೆ ಅಷ್ಟೇ.

ಇವರ ಭೂಗೋಳದಲ್ಲಿ ಕನ್ನಡ, ಹಿಂದಿ ಅಲ್ಲದ್ದೆಲ್ಲ ವೆಸ್ಟರ್ನ್. 2012ರ 'ಗಂಗ್ನಮ್ ಸ್ಟೈಲ್' ಕೊರಿಯಾದ ಹಾಡು, ಕೊರಿಯಾ ನಮಗೆ ಪೂರ್ವಕ್ಕಿದೆ ಎಂದು ಸೋಷಿಯಲ್ ಮಿಸ್ ಗೋಡೆಯ ನಕ್ಷೆ ತೋರಿಸಿದರೆ, "ಊರು ಎಲ್ಲಾದರೂ ಇರಲಿ ಮೇಡಂ, ಬೀಟ್ ವೆಸ್ಟರ್ನ್" ಎನ್ನುತ್ತಾರೆ. ಶಕೀರಾ 2010ರ ಫುಟ್‌ಬಾಲ್ ವಿಶ್ವಕಪ್‌ಗೆ ಹಾಡಿದ 'ವಾಕಾ ವಾಕಾ'ದ ಪಲ್ಲವಿ ಆಫ್ರಿಕಾದ ಕ್ಯಾಮರೂನಿನದು, ಅಲ್ಲಿನ 'ಗೋಲ್ಡನ್ ಸೌಂಡ್ಸ್' ತಂಡ 1986ರಲ್ಲೇ ಹಾಡಿದ್ದು. ಆದರೆ ನಮ್ಮ ಸರ್ ಪಾಸ್ ಮಾಡಿದ ಮೇಲೆ ಅದೂ ವೆಸ್ಟರ್ನೇ.

ಹಾಡನ್ನು ಆರಿಸುವ ಇವರ ವಿಧಾನ ನೋಡುವಂಥದ್ದು. ಹಾಡು ಪೂರ್ತಿ ಕೇಳುವವರಲ್ಲ. ಕಾರಿಡಾರಿನಲ್ಲಿ ಸ್ಪೀಕರ್ ಇಟ್ಟು, ಶುರು ಮಾಡಿ, ಕಸ ಗುಡಿಸುತ್ತಿರುವ ಆಯಮ್ಮನ ಕೈಯನ್ನೇ ಗಮನಿಸುತ್ತಾರೆ. ಪೊರಕೆಯ ವೇಗ ಏರಿತೋ, ಹಾಡು ಪಾಸ್. ಆಯಮ್ಮ ಪೊರಕೆಗೆ ಆತು ನಿಂತರೆ "ಛೆ, ಮೆಲೊಡಿ" ಎಂದು ಡಿಲೀಟ್. ಪಾಸಾದವು ಪೆನ್ ಡ್ರೈವಿನಲ್ಲಿ 'ಫೈನಲ್', 'ಹೊಸ ಫೈನಲ್', 'ಪಕ್ಕಾ ಫೈನಲ್', 'ಇದೇ ಪ್ಲೇ ಮಾಡಿ' ಎಂಬ ಹೆಸರುಗಳಲ್ಲಿ ಕೂರುತ್ತವೆ. ಸೌಂಡ್ ಸಿಸ್ಟಮ್ ಹುಡುಗ ಆ ದಿನ 'ಹೊಸ ಫೈನಲ್' ಒತ್ತುತ್ತಾನೆ ಎಂಬುದು ಬೇರೆ ಮಾತು. ಈ ವಿದ್ಯೆಯನ್ನು ನಾನು ಹಗುರ ಮಾಡುವುದಿಲ್ಲ. ದೊಡ್ಡ ದೊಡ್ಡ ರೇಡಿಯೊ ಸ್ಟೇಷನ್‌ಗಳಲ್ಲೂ ಆಯಮ್ಮನಷ್ಟು ಪ್ರಾಮಾಣಿಕ ತೀರ್ಪುಗಾರರು ಇರಲಾರರು.

ಅಡ್ಡಿ ಬರುವುದು ಇಂಗ್ಲಿಷ್ ಮಿಸ್ ಕಡೆಯಿಂದ. ಅವರು ಸಾಹಿತ್ಯವನ್ನು ಪ್ರಿಂಟ್ ತೆಗೆದು ಕೆಂಪು ಪೆನ್ನು ಹಿಡಿದು ಕೂರುತ್ತಾರೆ. 'ಬೇಬಿ' ಕಂಡಲ್ಲಿ ಒಂದು ಗೀಟು, 'ಬಾಡಿ' ಕಂಡಲ್ಲಿ ಎರಡು. ಕೊನೆಗೆ ಉಳಿಯುವುದು 'ಓ ಓ ಓ' ಮಾತ್ರ. ಹೀಗೆ ಹೊಡೆತ ತಿಂದು ತಿಂದು ಸರ್ ಒಂದು ಸತ್ಯ ಕಂಡುಕೊಂಡಿದ್ದಾರೆ: ಸಮಿತಿಯಲ್ಲಿ ಯಾರಿಗೂ ಬಾರದ ಭಾಷೆಯ ಹಾಡೇ ಅತ್ಯಂತ ಸುಸಂಸ್ಕೃತವಾದ ಹಾಡು. ಅಂದಿನಿಂದ ಅವರು ಸ್ಪ್ಯಾನಿಷ್ ಭಕ್ತರು.

'ಮಕರೇನಾ' ಹೀಗೆ ನಮ್ಮ ಶಾಲೆಗಳಿಗೆ ನುಗ್ಗಿ ಬೇರು ಬಿಟ್ಟಿತು. ಸ್ಪೇನಿನ ಲಾಸ್ ಡೆಲ್ ರಿಯೊ ಎಂಬ ಇಬ್ಬರು ಗಾಯಕರ ಹಾಡು, 1993ರದ್ದು. ಅದರ ರೀಮಿಕ್ಸ್ 1996ರಲ್ಲಿ ಅಮೆರಿಕದಲ್ಲಿ 14 ವಾರ ಮೊದಲ ಸ್ಥಾನದಲ್ಲಿ ಕುಳಿತಿತ್ತು. ಕೈ ಮುಂದೆ, ಕೈ ತಿರುಗಿಸು, ಭುಜ, ತಲೆ, ಸೊಂಟ, ಒಂದು ಜಿಗಿತ: ಪಿ.ಟಿ. ಡ್ರಿಲ್‌ಗೂ ಇದಕ್ಕೂ ವ್ಯತ್ಯಾಸವೇ ಇಲ್ಲ, ಸರ್ ಮನಸೋತದ್ದು ಸಹಜ. ಹಾಡಿನ ಕತೆ ಇಷ್ಟು: ಪ್ರಿಯಕರ ಸೈನ್ಯ ಸೇರುವ ಹೊತ್ತಿಗೆ ಮಕರೇನಾ ಎಂಬ ಹುಡುಗಿ ಅವನ ಇಬ್ಬರು ಗೆಳೆಯರ ಜೊತೆ ಮಜಾ ಮಾಡುತ್ತಾಳೆ. ಇದಕ್ಕೆ ಮೂರನೇ ಕ್ಲಾಸಿನ ಮಕ್ಕಳು ರೆಕ್ಕೆ ಕಟ್ಟಿಕೊಂಡು ಚಿಟ್ಟೆಗಳಾಗಿ ಕುಣಿಯುತ್ತಾರೆ, ಸೆಕ್ರೆಟರಿಗಳು "ನೋಡಿ, ಎಷ್ಟು ಮುಗ್ಧ!" ಎಂದು ಚಪ್ಪಾಳೆ ತಟ್ಟುತ್ತಾರೆ. ಇಂಗ್ಲಿಷ್ ಸಾಲು ಸೇರಿಸಿದ ರೀಮಿಕ್ಸನ್ನು ಸರ್ ಮುಟ್ಟುವುದಿಲ್ಲ. ಅದು ಮಿಸ್ಸಿಗೆ ಅರ್ಥವಾಗುತ್ತದಲ್ಲ! 'ಡೆಸ್ಪಸಿಟೊ' ಹಾಡನ್ನು 2017ರಲ್ಲಿ ಮಲೇಷ್ಯಾದ ಸರ್ಕಾರಿ ರೇಡಿಯೊ, ಟೀವಿಗಳು ಸಾಹಿತ್ಯ ಸರಿಯಿಲ್ಲವೆಂದು ನಿಲ್ಲಿಸಿದವು. ಅವರ ಸಮಿತಿಯಲ್ಲಿ ಯಾರೋ ಸ್ಪ್ಯಾನಿಷ್ ಬಲ್ಲವರು ಇದ್ದಿರಬೇಕು, ಪಾಪ.

ಒಮ್ಮೊಮ್ಮೆ ಆಡಳಿತ ಮಂಡಳಿಯ ಹಿರಿಯರಿಗೆ ಘನತೆಯ ನೆನಪಾಗುತ್ತದೆ. "ಮೈಸೂರಿನವರು ನಾವು, ಏನೇನೋ ಹಾಕಬೇಡಿ ಮೇಷ್ಟ್ರೇ. ಜಯಚಾಮರಾಜ ಒಡೆಯರ್ ಲಂಡನ್ನಿನ ಫಿಲಾರ್ಮೋನಿಯಾ ಆರ್ಕೆಸ್ಟ್ರಾವನ್ನೇ ಪೋಷಿಸಿದವರು. ವೆಸ್ಟರ್ನ್ ಕ್ಲಾಸಿಕಲ್ ಹಾಕಿ." ಮಾತು ನಿಜವೇ. ರಿಚರ್ಡ್ ಸ್ಟ್ರಾಸ್‌ನ ನಾಲ್ಕು ಕೊನೆಯ ಹಾಡುಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ವೇದಿಕೆ ಏರಿದ್ದು ಮಹಾರಾಜರ ನೆರವಿನಿಂದ. ಸರ್ ಅದನ್ನೂ ಆಯಮ್ಮನ ಮುಂದೆ ಹಾಕಿ ನೋಡಿದರು. ಮುಪ್ಪು, ಸಾವು, ಸಂಜೆಗಳ ಹಾಡುಗಳವು. ಆಯಮ್ಮ ಪೊರಕೆ ಗೋಡೆಗೆ ಒರಗಿಸಿ, ಕೂತೇಬಿಟ್ಟರು.

ಹುಡುಕಿ ಹುಡುಕಿ ಸಿಕ್ಕಿದ್ದು ಆಫೆನ್‌ಬಾಖ್. ಹಾಡುವವರಿಲ್ಲದ ಬರೀ ವಾದ್ಯದ ಆವೃತ್ತಿ. ಮಾತಿಲ್ಲ, ಗೀಟೆಳೆಯಲು ಜಾಗವಿಲ್ಲ, ಪೊರಕೆಯಂತೂ ಬೆಂಕಿ. ಹಿರಿಯರು ಕಣ್ಣು ಮುಚ್ಚಿ ಕೇಳಿ "ಸಾತ್ವಿಕವಾಗಿದೆ" ಎಂದರು. ಅದು 1858ರಲ್ಲಿ ಪ್ಯಾರಿಸ್ಸಿನಲ್ಲಿ ಆಡಿದ 'ಪಾತಾಳದಲ್ಲಿ ಆರ್ಫಿಯಸ್' ಎಂಬ ವಿಡಂಬನೆಯ ಕೊನೆಯ ಕುಣಿತ. ಸ್ವರ್ಗದಲ್ಲಿ ಬೇಜಾರಾದ ದೇವತೆಗಳು ನರಕಕ್ಕಿಳಿದು, ಕುಡಿದು ಕುಪ್ಪಳಿಸುವ ಸಂದರ್ಭ. ಮುಂದೆ ಕ್ಯಾನ್‌ಕ್ಯಾನ್ ನರ್ತಕಿಯರು ಲಂಗ ಎತ್ತಿ ಕಾಲು ಝಾಡಿಸಿದ್ದೂ ಇದಕ್ಕೇ. ನಮ್ಮಲ್ಲಿ ಎಲ್‌ಕೆಜಿ ಮಕ್ಕಳು ಬಿಳಿ ಫ್ರಾಕು ತೊಟ್ಟು 'ಸ್ವಚ್ಛತೆ' ಎಂಬ ವಿಷಯದ ಮೇಲೆ ಕುಣಿದರು. ಅರ್ಧದಷ್ಟು ಮಕ್ಕಳು ಅಮ್ಮನನ್ನು ಹುಡುಕುತ್ತ ನಿಂತಿದ್ದರಿಂದ ಎಲ್ಲವೂ ನಿಧಾನವಾಯಿತು. ಸಂಗೀತ ಬಲ್ಲವರಿಗೆ ಅದರಲ್ಲೂ ತಪ್ಪು ಕಾಣದು: ಸ್ಯಾಂ-ಸಾನ್ಸ್ 1886ರಲ್ಲಿ ಇದೇ ಧಾಟಿಯನ್ನು ಪೂರಾ ನಿಧಾನಗೊಳಿಸಿ ಆಮೆಗಳ ಸಂಗೀತ ಬರೆದಿದ್ದಾನೆ.

ಸರ್ ಮಾತ್ರ ವೇದಿಕೆಯ ಪಕ್ಕದಲ್ಲಿ ಬೆವರುತ್ತ, "ಫೈವ್, ಸಿಕ್ಸ್, ಸೆವೆನ್, ಎಯ್ಟ್" ಎಂದು ಮಕ್ಕಳಿಗಿಂತ ಚೆನ್ನಾಗಿ ಕುಣಿಯುತ್ತಿದ್ದರು. ಇಡೀ ಶಾಲೆಯಲ್ಲಿ ಹೆಜ್ಜೆ ಪೂರ್ತಿ ಬರುವುದು ಅವರೊಬ್ಬರಿಗೇ. ಅವರಿಗೆ ಯಾರೂ ಶಾಲು ಹೊದಿಸುವುದಿಲ್ಲ. ಅದು ಮುಖ್ಯ ಅತಿಥಿಗೆ.

ಆದ್ದರಿಂದ ಪೋಷಕರಲ್ಲಿ ಒಂದು ವಿನಂತಿ. ಡೈರಿಯಲ್ಲಿ 'ಕಪ್ಪು ಪ್ಯಾಂಟು, ಬಿಳಿ ಗ್ಲೌಸು, ಕಾಸ್ಟ್ಯೂಮಿಗೆ ದುಡ್ಡು' ಎಂದು ಬರೆದು ಬಂದರೆ ಹಾಡು ಯಾವುದು, ಅರ್ಥವೇನು ಎಂದು ಕೇಳಲು ಹೋಗಬೇಡಿ, ಕೊಟ್ಟುಬಿಡಿ. ಹಾಡು ಕೊನೆಯ ವಾರದಲ್ಲಿ ಹೇಗೂ ಬದಲಾಗುತ್ತದೆ. ಕಾಸ್ಟ್ಯೂಮಿನ ದುಡ್ಡು ವಾಪಸು ಬರುವುದಿಲ್ಲ.